'ಕೆಟ್ಟುಹೋದ ಪ್ರತಿ'

ಮಾನ್ಯರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರ ಇಷ್ಟು: ಎರಡು ವರ್ಷ ಖಿನ್ನತೆಯಲ್ಲಿ ಕಳೆದಿರಿ, ಈಗ ಚಿಕಿತ್ಸೆ ನಡೆದಿದೆ, ಆ ದಿನಗಳನ್ನು ಅಚ್ಚುಚಿತ್ರಗಳಲ್ಲಿ ಹಿಡಿಯಲು ನೋಡುತ್ತಿದ್ದೀರಿ. ಕಳಿಸಿದ ಆರು ಚಿತ್ರಗಳ ಬಗ್ಗೆ ಮುಲಾಜಿಲ್ಲದ ಅಭಿಪ್ರಾಯ ಬೇಕು. ಜೊತೆಗೊಂದು ಭಯ: ಗುಣವಾದರೆ ಚಿತ್ರವೂ ನಿಂತುಹೋದೀತೇ?

ಮಂಡಿಯಲ್ಲಿ ತಲೆ ಹುದುಗಿಸಿ ಕೂತ ಆಕೃತಿಯ ಮೊದಲ ನಾಲ್ಕು ಚಿತ್ರಗಳು ನನ್ನನ್ನು ತಟ್ಟಲಿಲ್ಲ. ಕೆನ್ನೆಗೆ ಕೈಕೊಟ್ಟು ಕೂತ ವಿಷಾದವನ್ನು ಜರ್ಮನಿಯ ಕಲಾವಿದ ಡ್ಯೂರರ್ 1514ರಲ್ಲಿ ತಾಮ್ರದ ತಗಡಿನಲ್ಲಿ ಕೊರೆದಾಗಲೇ ಅಂಥ ಭಂಗಿ ಹಳೆಯದಾಗಿತ್ತು.

ಐದನೆಯದು ಬೇರೆ. ಮೊನೊಟೈಪ್, ಅಂದರೆ ನಯವಾದ ತಗಡಿನ ಮೇಲೆ ಶಾಯಿಯಲ್ಲಿ ಬಿಡಿಸಿ ಒತ್ತುವ ಒಂದೇ ಪ್ರತಿ, ತೆಗೆದ ಮೇಲೆ ತಗಡಿನಲ್ಲಿ ಅಳಿದುಳಿದ ಶಾಯಿಯಿಂದಲೇ ಇನ್ನೊಂದು ಹಾಳೆ ಒತ್ತಿದ್ದೀರಿ. ಕಿಟಕಿ ಇದೆ, ಮಂಚ ಇದೆ, ಎಲ್ಲವೂ ಇದ್ದಲ್ಲೇ ಇದೆ; ಯಾವುದರಲ್ಲೂ ಕಸುವಿಲ್ಲ. 'ಉಣ್ಣುತ್ತಿದ್ದೆ, ಮಾತಾಡುತ್ತಿದ್ದೆ, ಆದರೆ ನಾನಿರಲಿಲ್ಲ' ಎಂದು ಪತ್ರದಲ್ಲಿ ಬರೆದಿದ್ದೀರಲ್ಲ, ಅದು ಈ ಹಾಳೆಯಲ್ಲಿದೆ. ಈ ಕೆಲಸದವರು ಇದನ್ನು ಗೋಸ್ಟ್ ಪ್ರಿಂಟ್ ಅನ್ನುತ್ತಾರೆ. ನೀವು ಹಿಂಬದಿಯಲ್ಲಿ ಪೆನ್ಸಿಲಿನಿಂದ 'ಕೆಟ್ಟುಹೋದ ಪ್ರತಿ' ಎಂದು ಬರೆದಿದ್ದೀರಿ. ದಯವಿಟ್ಟು ಅದನ್ನು ಅಳಿಸಿ.

ಕಪ್ಪಿನಿಂದ ಬೆಳಕು ತೆಗೆಯುವ ಮೆಜೊಟಿಂಟ್ ಎಂಬ ಅಚ್ಚಿನ ವಿಧಾನಕ್ಕೂ ಒಮ್ಮೆ ಕೈಹಾಕಿ. ಸಣ್ಣ ಹಲ್ಲುಗಳ ಉಪಕರಣವನ್ನು ಅತ್ತಿತ್ತ ತೂಗುತ್ತ ತಗಡನ್ನೆಲ್ಲ ಒರಟು ಮಾಡಬೇಕು. ಆಗ ಶಾಯಿ ಹಚ್ಚಿ ಒತ್ತಿದರೆ ಬರೀ ಕಪ್ಪು. ಆಮೇಲೆ ಬೆಳಕು ಬೇಕಾದಲ್ಲಿ ಕೆರೆಯುತ್ತ, ಉಜ್ಜಿ ನಯ ಮಾಡುತ್ತ ಹೋಗುವುದು. ಅಂಗೈಯಗಲದ ತಗಡಿಗೂ ದಿನಗಟ್ಟಲೆ ಹಿಡಿಯುತ್ತದೆ. (ಮೈಯಲ್ಲಿ ತ್ರಾಣವಿಲ್ಲದ ದಿನ ಬೇಡ, ಭುಜ ಹಿಡಿದುಕೊಳ್ಳುತ್ತದೆ.)

ಇನ್ನು ಆ ಭಯ. ನಾರ್ವೆಯ ಕಲಾವಿದ ಎಡ್ವರ್ಡ್ ಮುಂಕ್‌ನ ಹೆಸರನ್ನು ನೀವೇ ಎತ್ತಿದ್ದೀರಿ. ಮರದಚ್ಚನ್ನು ಗರಗಸದಿಂದ ತುಂಡು ಮಾಡಿ, ಒಂದೊಂದಕ್ಕೂ ಬೇರೆ ಬಣ್ಣ ಹಚ್ಚಿ, ಮತ್ತೆ ಜೋಡಿಸಿ ಒತ್ತಿದವನು ಅವನು. ಕಡಲಿಗೆ ಮುಖಮಾಡಿ ನಿಂತ ಗಂಡುಹೆಣ್ಣಿನ 1899ರ ಚಿತ್ರದಲ್ಲಿ ಹೆಣ್ಣು ಬೇರೆಯದೇ ತುಂಡು. ಒಂಟಿತನ ಅಚ್ಚಿನಲ್ಲೇ ಇದೆ. ಕಾಯಿಲೆಯಿಲ್ಲದೆ ತನ್ನ ಕಲೆಯಿಲ್ಲ ಎಂದು ಅವನೂ ನಂಬಿದ್ದ. ಆದರೂ 1908ರಲ್ಲಿ ಕೋಪನ್‌ಹೇಗನ್ನಿನ ಚಿಕಿತ್ಸಾಲಯಕ್ಕೆ ತಾನಾಗಿ ಸೇರಿದ, ಅಲ್ಲಿದ್ದಾಗಲೇ ಒಂದು ಲಿಥೋಗ್ರಾಫ್ (ಕಲ್ಲಚ್ಚು) ಮಾಲಿಕೆ ಮಾಡಿದ. 1944ರಲ್ಲಿ ತೀರಿಕೊಂಡ; ನಡುವಿನ ಮೂರೂವರೆ ದಶಕ ಕೈ ಕಟ್ಟಿ ಕೂತವನಲ್ಲ. ಚಿತ್ರಕ್ಕಾಗಿ ಮಾತ್ರೆ ಬಿಡುವ ಯೋಚನೆ ಇದ್ದರೆ, ಚಿತ್ರವನ್ನೇ ಕೆಲವು ದಿನ ಬಿಡಿ.

ಐದನೆಯ ಚಿತ್ರವನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚುಹಾಕಲು ಒಪ್ಪಿಗೆ ಕೊಡುವಿರಾ? ಆರನೆಯದರ ನಟ್ಟನಡುವೆ ಒಂದು ಮಡಿಕೆ ಬಿದ್ದಿದೆ. ಚೆನ್ನಾಗಿಯೇ ಇದೆ. ಅದು ನಿಮ್ಮದೋ, ಅಂಚೆಯಲ್ಲಿ ಆದದ್ದೋ ತಿಳಿಸಿ.

– ಸಂ.