ಉದ್ದಕ್ಕೆ ಹೆದರಬೇಡಿ, ಅಗಲ ನೋಡಿ

ಪ್ರಶ್ನೆ: ನಾನು ಹಾಸನದವನು. ಸಾಲ್ಟ್ ಲೇಕ್ ಸಿಟಿಗೆ ಬಂದು ನಾಲ್ಕು ವರ್ಷ, ಸ್ಕೀಯಿಂಗ್ ಕಲಿತು ಮೂರು ಚಳಿಗಾಲ. ನನ್ನ ಸ್ಕೀ 170 ಸೆಂ.ಮೀ. ಉದ್ದ, ನಡುವಿನ ಅಗಲ 80 ಮಿ.ಮೀ. ಆಳದ ಹಿಮದಲ್ಲಿ ಹೂತೇ ಹೋಗುತ್ತದೆ. ಗೆಳೆಯರು 186 ಸೆಂ.ಮೀ. ಉದ್ದ, 116 ಮಿ.ಮೀ. ಅಗಲದ, ಆಳದ ಸಡಿಲ ಹಿಮಕ್ಕೆಂದೇ ಮಾಡಿದ ಪೌಡರ್ ಸ್ಕೀ ತಗೋ ಅನ್ನುತ್ತಾರೆ. ನನ್ನ ತೂಕ 68 ಕೆ.ಜಿ. ತೀರಾ ದೊಡ್ಡದಾಗಲ್ವಾ? ಕೊಳ್ಳುವ ಮೊದಲು ಪರೀಕ್ಷಿಸುವುದು ಹೇಗೆ?

ಉತ್ತರ: ಇದೇ ಅನುಮಾನ ನನಗೂ ಇತ್ತು. ಹೋದ ಫೆಬ್ರವರಿಯಲ್ಲಿ ನಿಮ್ಮೂರ ಹತ್ತಿರದ ಆಲ್ಟಾ ಸ್ಕೀ ತಾಣದಲ್ಲಿ ರಾತ್ರಿ ಹಿಮ ಬಿದ್ದ ಬೆಳಿಗ್ಗೆ, 184 ಸೆಂ.ಮೀ. ಉದ್ದದ, ನಡು 118 ಮಿ.ಮೀ. ಅಗಲದ ಜೋಡಿಯೊಂದನ್ನು ಬಾಡಿಗೆಗೆ ತಂದೆ. ನನ್ನ ತೂಕ 59 ಕೆ.ಜಿ. ನಿಂತಲ್ಲೇ ಮೊಣಕಾಲವರೆಗೆ ಹಿಮ. ಇಳಿಯಲು ಶುರು ಮಾಡಿ ಸ್ವಲ್ಪ ವೇಗ ಬಂದಿದ್ದೇ ತಡ, ಎರಡೂ ಮೂತಿಗಳು ಹಿಮದಿಂದ ಮೇಲೆದ್ದು ಬಂದವು. ಜರಡಿ ಹಿಡಿದ ಅಕ್ಕಿಹಿಟ್ಟಿನಂಥ ಹಿಮ ಎದೆಯವರೆಗೆ ಹಾರುತ್ತಿತ್ತು. ತಿರುಗಲು ಅಂಚು ಒತ್ತುವುದೇ ಬೇಕಾಗಲಿಲ್ಲ. ಪಾದ ಸ್ವಲ್ಪ ತಿರುವಿದರೆ ಸಾಕು, ಸೌಟಿನ ತಳದಲ್ಲಿ ದೋಸೆ ಹಿಟ್ಟು ಹರಡಿದ ಹಾಗೆ ಸ್ಕೀ ಪಕ್ಕಕ್ಕೆ ಜಾರುತ್ತಿತ್ತು.

2002ರ ಸುಮಾರಿಗೆ ಸ್ಕೀ ಪಟು ಶೇನ್ ಮೆಕಾಂಕಿ ರೂಪಿಸಿದ, ವೊಲಾಂಟ್ ಕಂಪನಿಯ ಸ್ಕೀಯ ಹೆಸರು ಸ್ಪ್ಯಾಟುಲಾ. ಅಂದರೆ ನಮ್ಮ ಸಟ್ಟುಗವೇ! ಆಳದ ಹಿಮ ನೆಲದಂತಲ್ಲ, ನೀರಿನಂತೆ ಅನ್ನುವುದು ಅವರ ಯೋಚನೆ. ಅದಕ್ಕೇ ಮೂತಿ, ಬಾಲ ಎರಡನ್ನೂ ಮೇಲಕ್ಕೆ ಬಾಗಿಸಿದರು. ಇವತ್ತಿನ ಪೌಡರ್ ಸ್ಕೀಗಳು ಬಹುಪಾಲು ಆ ದಾರಿಯಲ್ಲೇ ಬಂದವು.

ಉದ್ದಕ್ಕೆ ಹೆದರಬೇಡಿ ಅನ್ನುವುದು ಈ ಬಾಗಿನಿಂದಲೇ. ಅಂಗಡಿಯಲ್ಲಿ ಎರಡು ಸ್ಕೀಗಳ ತಳಕ್ಕೆ ತಳ ಸೇರಿಸಿ, ನಡುವನ್ನು ಒತ್ತಿ ಹಿಡಿದು ಪಕ್ಕದಿಂದ ನೋಡಿ. ಮೂತಿಯ ಕಡೆ ಎಲ್ಲಿಂದ ಬೆಳಕು ಕಾಣುತ್ತದೋ, ಗಟ್ಟಿ ಹಿಮದಲ್ಲಿ ಅಲ್ಲಿಂದ ಮುಂದಕ್ಕೆ ಸ್ಕೀ ತಾಗುವುದೇ ಇಲ್ಲ. ಹಾಗಾಗಿ 186 ಅಂತ ಬರೆದಿದ್ದರೂ ಕಾಲಿಗೆ ಅಷ್ಟು ಉದ್ದ ಅನ್ನಿಸುವುದಿಲ್ಲ.

ಅಗಲದ ಕಥೆ ಬೇರೆ. ಮಧ್ಯಾಹ್ನ ಎಲ್ಲರೂ ತುಳಿದು ಹಿಮ ಗಟ್ಟಿಯಾದ ಮೇಲೆ ನನ್ನ ಮೊಣಕಾಲಿನ ಒಳಭಾಗ ನೋಯತೊಡಗಿತು. ಅಗಲ ಹೆಚ್ಚಾದಷ್ಟೂ ಅಂಚು ಪಾದದಿಂದ ದೂರ. ಅದನ್ನು ಗಟ್ಟಿ ಹಿಮಕ್ಕೆ ಕಚ್ಚಿಸಲು ಮೊಣಕಾಲೇ ಬಲ ಹಾಕಬೇಕು. ಬೆಳಗಿನ ಸಂತೋಷದಲ್ಲಿ ಇದು ಗೊತ್ತೇ ಆಗಲ್ಲ. ಅದಕ್ಕೇ ಬೆಳಿಗ್ಗೆ ಎರಡು ಸಲ ಇಳಿದು ದುಡ್ಡು ಕೊಟ್ಟುಬಿಡಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಇಳಿಜಾರು ಆರಿಸಿ. ಮೊದಲು ನಿಮ್ಮ ಹಳೇ ಸ್ಕೀಯಲ್ಲಿ ಒಮ್ಮೆ, ಆಮೇಲೆ ಬಾಡಿಗೆಗೆ ತಂದ ಪೌಡರ್ ಸ್ಕೀಯಲ್ಲಿ ಎರಡು ಸಲ. ಮಧ್ಯಾಹ್ನ ಎರಡು ಗಂಟೆಗೆ ಮತ್ತೆ ಅದೇ ಇಳಿಜಾರು. ಕೊನೆಗೆ ಯಂತ್ರ ಸಮಮಾಡಿದ ದಾರಿಯಲ್ಲಿ ಕೆಳಗಿನ ತನಕ ಬನ್ನಿ. ಕಾಲು ಸೋತಾಗಲೂ ಸ್ಕೀ ನಿಮ್ಮ ಮಾತು ಕೇಳುತ್ತಾ ನೋಡಿ.

ಹಿಂದಕ್ಕೆ ವಾಲಬೇಡಿ. ಎರಡೂ ಕಾಲಿನ ಮೇಲೆ ಸಮನಾಗಿ ತೂಕ ಹಾಕಿ. ಮೂತಿ ಮುಳುಗುತ್ತಿದೆ ಅನ್ನಿಸಿದರೆ ಬೂಟನ್ನು ಒಂದು ಸೆಂ.ಮೀ. ಹಿಂದೆ ಕೂರಿಸಿಕೊಡಿ ಅಂತ ಅಂಗಡಿಯವರನ್ನು ಕೇಳಿ. ಬಾಡಿಗೆ ಸ್ಕೀಗಳಲ್ಲಿ ಬೂಟು ಹಿಡಿದಿಡುವ ಬೈಂಡಿಂಗ್ ಸಾಮಾನ್ಯವಾಗಿ ಹಿಂದೆ ಮುಂದೆ ಸರಿಯುತ್ತದೆ.

ಬಿದ್ದಾಗ ಕಳಚಿದ ಸ್ಕೀ ಹಿಮದೊಳಗೆ ಮಾಯವಾಗುತ್ತದೆ. ನಾನು ಅವತ್ತು ನಲವತ್ತು ನಿಮಿಷ ಕೆಳಗೆಲ್ಲ ಹುಡುಕಿದೆ. ಸಿಕ್ಕಿದ್ದು ಬಿದ್ದ ಜಾಗಕ್ಕಿಂತ ಮೇಲೆ. ಬೈಂಡಿಂಗಿಗೆ ಬಣ್ಣದ ಉದ್ದ ಪಟ್ಟಿ ಕಟ್ಟಿಕೊಳ್ಳಿ. ಮರಗಳ ಬುಡದ ಹತ್ತಿರ ಖಂಡಿತ ಹೋಗಬೇಡಿ. ಅಲ್ಲಿ ಸಡಿಲ ಹಿಮದ ಗುಂಡಿ ಇರುತ್ತದೆ, ತಲೆಕೆಳಗಾಗಿ ಬಿದ್ದರೆ ಒಬ್ಬರೇ ಮೇಲೆ ಬರಲಾಗುವುದಿಲ್ಲ. ಜೊತೆಗಾರರು ಕಣ್ಣಳತೆಯಲ್ಲೇ ಇರಲಿ.

ನಿಮ್ಮ ತೂಕಕ್ಕೆ ನನ್ನ ಸಲಹೆ: 180ರ ಆಸುಪಾಸಿನ ಉದ್ದ, 108ರಿಂದ 112ರ ನಡು. 186ನ್ನೂ ಬಾಡಿಗೆಗೆ ತಂದು ನೋಡಿ, ಇಷ್ಟವಾದರೆ ಉದ್ದ ಅದೇ ಇರಲಿ. 116ರ ಅಗಲ ಮಾತ್ರ ಬೇಡ. ಹಳೇ ಸ್ಕೀ ಮಾರಬೇಡಿ, ಹಿಮ ಬೀಳದ ವಾರಗಳಿಗೆ ಅದೇ ಬೇಕು.