ಕೋಣೆಯಲ್ಲಿ ಕೆಂಡ, ಅಟ್ಟದಲ್ಲಿ ಹೆಜ್ಜೆ

ಓದುಗರ ಪತ್ರ: ವಿರಾಜಪೇಟೆ ಹತ್ತಿರ ತೋಟದೊಳಗಿನ ಹಳೇ ಬಂಗಲೆಯಲ್ಲಿ ಹೋಂಸ್ಟೇ ನಡೆಸುತ್ತಿದ್ದೇವೆ. ಮೂಲೆಯ ಕೋಣೆಯಲ್ಲಿ ಮಲಗಿದವರು ರಾತ್ರಿ ಅಟ್ಟದ ಮೇಲೆ ಯಾರೋ ನಡೆಯುತ್ತಾರೆ, ಬಾಗಿಲು ತಾನಾಗಿ ತೆರೆಯುತ್ತದೆ, ಬೆಳಿಗ್ಗೆ ತಲೆ ಸಿಡಿಯುತ್ತದೆ ಎನ್ನುತ್ತಾರೆ. ಮಳೆಯ ಚಳಿಗೆ ಅಲ್ಲಿ ಕೆಂಡದ ಬಾಣಲೆ ಇಡುತ್ತೇವೆ. ‘ದೆವ್ವದ ಬಂಗಲೆ’ ಎಂದೇ ಜಾಹೀರಾತು ಕೊಡೋಣ ಅಂತ ಮಗನ ಸಲಹೆ. ಏನು ಮಾಡಲಿ?

ಸಂಪಾದಕರ ಉತ್ತರ: ಜಾಹೀರಾತಿನ ಮಾತು ಆಮೇಲೆ. ಮೊದಲು ಆ ಬಾಣಲೆಯನ್ನು ಇವತ್ತೇ ಹೊರಗಿಡಿ.

ಹೊಗೆಯಾಡದ ಕೆಂಡದಿಂದ ತೊಂದರೆಯಿಲ್ಲ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಆದರೆ ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹೀಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಗಲಿಬಿಲಿ, ಕೊನೆಗೆ ಎಚ್ಚರವೇ ಆಗದ ನಿದ್ದೆ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ ಒಂದು ಕುಟುಂಬದ ಕಥೆ ಪ್ರಕಟಿಸಿದರು. ಆ ಮನೆಯವರಿಗೆ ಹೆಜ್ಜೆ ಸದ್ದು ಕೇಳುತ್ತಿತ್ತು, ಯಾರೋ ಇದ್ದಂತೆ ಅನಿಸುತ್ತಿತ್ತು. ಕೆಟ್ಟಿದ್ದುದು ಮನೆ ಕಾಯಿಸುವ ಕುಲುಮೆ. ಅದನ್ನು ಸರಿಪಡಿಸಿದ ಮೇಲೆ ಎಲ್ಲವೂ ನಿಂತಿತು.

ತಲೆನೋವು ಹೊರಗಿನ ಗಾಳಿಗೆ ಬಂದ ಮೇಲೆ ಇಳಿಯುತ್ತದೆಯೇ, ಆ ಕೋಣೆಯಲ್ಲಿ ಮಲಗಿದವರಿಗೆಲ್ಲ ಬರುತ್ತದೆಯೇ ಎಂದು ಅತಿಥಿಗಳನ್ನು ಕೇಳಿ. ಹೌದು ಎಂದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ದು ರಕ್ತದ ಕಾರ್ಬಾಕ್ಸಿಹೀಮೋಗ್ಲೋಬಿನ್ (ಈ ಅನಿಲ ಅಂಟಿಕೊಂಡ ಹೀಮೋಗ್ಲೋಬಿನ್) ಪರೀಕ್ಷೆ ಮಾಡಿಸಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ನಂಬಬೇಡಿ. ಈ ವಿಷವೇರಿದ್ದರೂ ಅದು ಆಮ್ಲಜನಕ ಸರಿಯಾಗಿದೆ ಎಂಬಂಥ ಅಂಕಿಯನ್ನೇ ತೋರಿಸಬಹುದು. ಗ್ಯಾಸ್ ಗೀಸರ್ ಬಚ್ಚಲೊಳಗಿದ್ದರೆ ಹೊರಗೋಡೆಗೆ ಸಾಗಿಸಿ. ಹಂಡೆ ಒಲೆಯ ಹೊಗೆಗೂಡಿನಲ್ಲಿ ಹಕ್ಕಿಗೂಡು ಕಟ್ಟಿದೆಯೇ ನೋಡಿಸಿ. ಕೋಣೆಗೊಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿ.

ಇನ್ನು ಹೆಜ್ಜೆ. ಸಂಜೆ ಅಟ್ಟದ ಹಲಗೆಯ ಮೇಲೆ ಜರಡಿ ಹಿಡಿದ ಬೂದಿಯನ್ನು ತೆಳ್ಳಗೆ ಉದುರಿಸಿ, ಬೆಳಿಗ್ಗೆ ನೋಡಿ. ನಾಲ್ಕು ಬೆರಳಾದರೆ ಮನೆಬೆಕ್ಕು, ಐದಾದರೆ ಕಾಡುಬೆಕ್ಕು, ಅಂದರೆ ಕಾಫಿ ಹಣ್ಣು ತಿನ್ನುವ ಸಿವೆಟ್. ಕಾಫಿ ಹಣ್ಣಾಗುವ ತಿಂಗಳುಗಳಲ್ಲಿ ಅದರ ಹಿಕ್ಕೆಯಲ್ಲಿ ಬೀಜ ಇಡಿಯಾಗಿಯೇ ಇರುತ್ತದೆ, ಅದಕ್ಕಿಂತ ಗುರುತು ಬೇಡ. ಇಲಿ ವಿಷ, ಉರುಳು ಬೇಡ. ಕಾನೂನಿನ ರಕ್ಷಣೆಯಿರುವ ಪ್ರಾಣಿ. ಮರಿಗಳಿಲ್ಲವೆಂದು ಖಚಿತಪಡಿಸಿಕೊಂಡು, ರಾತ್ರಿ ಅದು ಮೇಯಲು ಹೋದಾಗ ಸಂದಿಗೆ ಅರ್ಧ ಇಂಚಿನ ತಂತಿಜಾಲರಿ ಹೊಡೆಸಿ.

ಬಾಗಿಲು ಸುಲಭ. ಮಳೆಗೆ ಉಬ್ಬಿದಾಗ ಬಡಗಿ ಕೀಸುತ್ತಾನೆ, ಬೇಸಿಗೆಗೆ ಕುಗ್ಗಿದಾಗ ಚಿಲಕ ಹಿಡಿಯುವುದಿಲ್ಲ. ಚೌಕಟ್ಟಿನ ಪಕ್ಕ ತೂಗುಗುಂಡು ಬಿಟ್ಟು ನೋಡಿ; ಮೇಲಿನ ಕೀಲು, ಕೆಳಗಿನ ಕೀಲು ಒಂದೇ ನೇರದಲ್ಲಿ ಇಲ್ಲದಿದ್ದರೆ ಬಾಗಿಲು ತನ್ನ ಭಾರಕ್ಕೇ ತಿರುಗುತ್ತದೆ.

ಮಗನಿಗೆ ಹೇಳಿ: 1909ರಲ್ಲಿ ಶುರುವಾದ ಅಮೆರಿಕದ ಸ್ಟ್ಯಾನ್ಲಿ ಹೋಟೆಲಿನ 217ನೇ ಕೋಣೆಯ ದೆವ್ವದ ಕಥೆಗೂ ಮೂಲ ಅನಿಲವೇ. 1911ರಲ್ಲಿ ದೀಪಕ್ಕೆ ಬಳಸುವ ಅನಿಲ ಸೋರಿ ಸ್ಫೋಟವಾಯಿತು. ಗಾಯಗೊಂಡ ಕೆಲಸದಾಕೆ ಬದುಕಿದಳು. ಮಡಿಕೇರಿಯಲ್ಲಿ ಬ್ರಹ್ಮರಾಕ್ಷಸನ ಕಥೆ ಇದ್ದೇ ಇದೆ, ಆದರೆ ಅದನ್ನು ಹೇಳುವುದು 1820ರಲ್ಲಿ ಕೊಡಗಿನ ಅರಸ ಲಿಂಗರಾಜೇಂದ್ರ ಓಂಕಾರೇಶ್ವರ ಗುಡಿ ಕಟ್ಟಿಸಿದ ಪ್ರಾಯಶ್ಚಿತ್ತದ ಕಥೆಯಾಗಿ. ಕೈಮಡದಲ್ಲಿ (ಹಿರಿಯರ ಗುಡಿಯಲ್ಲಿ) ಕಾರಣವರಿಗೆ, ಅಂದರೆ ಮನೆತನದ ಪೂರ್ವಿಕರಿಗೆ, ಎಡೆಯಿಡುವ ನಾಡಿನಲ್ಲಿ ಹಿರಿಯರ ಮನೆಗೆ ದೆವ್ವದ ಹೆಸರು ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಬೂದಿಯಲ್ಲಿ ಐದು ಬೆರಳು ಮೂಡಿದರೆ, ಜಾಲರಿ ಹೊಡೆಸುವ ತನಕ ಕೋಣೆಯ ಬಾಗಿಲಿಗೆ ಒಂದು ಚೀಟಿ ಹಚ್ಚಿ: ‘ಅಟ್ಟದಲ್ಲಿ ಕಾಡುಬೆಕ್ಕು ಓಡಾಡುತ್ತದೆ.’