ತಲೆಗೆ ಪೆಟ್ಟಾಗಿ ಮೂರು ತಿಂಗಳಾದ ಮೇಲೆ ಪುನಶ್ಚೇತನ ಚಿಕಿತ್ಸೆ ಆರಂಭಿಸಿದರೆ ತಡವಾಯಿತೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು. ಯಾದಗಿರಿ ಜಿಲ್ಲೆಯಲ್ಲಿ ಶಾಲಾ ಶಿಕ್ಷಕರಾಗಿರುವ ನಿಮ್ಮ ಅಣ್ಣ ಮೂರು ತಿಂಗಳ ಹಿಂದೆ ಬೈಕಿನಿಂದ ಬಿದ್ದರು. ಸಿ.ಟಿ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲವೆಂದು, ಇದು ಕನ್ಕಷನ್ (ಪೆಟ್ಟಿನಿಂದ ಮೆದುಳಿನ ಕೆಲಸ ತಾತ್ಕಾಲಿಕವಾಗಿ ಏರುಪೇರಾಗುವುದು) ಅಷ್ಟೇ, ಪೂರ್ತಿ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಹೇಳಿ ಮನೆಗೆ ಕಳುಹಿಸಿದರು. ಇಂದಿಗೂ ತಲೆನೋವು ಮತ್ತು ಚಕ್ಕರ್ ಹೋಗಿಲ್ಲ, ತರಗತಿಯ ಗದ್ದಲವನ್ನು ಸಹಿಸಲು ಆಗುತ್ತಿಲ್ಲ. ಮೊದಲ ವಾರದಲ್ಲೇ ಪುನಶ್ಚೇತನ ಚಿಕಿತ್ಸೆ ಆರಂಭಿಸಬೇಕಿತ್ತೇ, ಈಗ ಆರಂಭಿಸಿದರೆ ಪ್ರಯೋಜನವಿದೆಯೇ, ಅಥವಾ ಮನೆಯ ಹಿರಿಯರು ಹೇಳುವಂತೆ ಎಲ್ಲವೂ ತಾನಾಗಿ ಹೋಗುವವರೆಗೆ ಮಲಗಿರಬೇಕೇ ಎಂದು ಕೇಳಿದ್ದೀರಿ.

ನಾನು ಕಲಬುರಗಿಯಲ್ಲಿ ಫಿಸಿಯೋಥೆರಪಿಸ್ಟ್. ಬೈಕು, ಟ್ರ್ಯಾಕ್ಟರ್, ಮಾಳಿಗೆಯ ಮೆಟ್ಟಿಲುಗಳಿಂದ ಬಿದ್ದು ತಲೆಗೆ ಪೆಟ್ಟಾದವರನ್ನು ನೋಡುತ್ತಿರುತ್ತೇನೆ, ಮತ್ತು ಅವರಲ್ಲಿ ಹೆಚ್ಚಿನವರು ನಮ್ಮ ಬಳಿ ಬರುವುದು ನಿಮ್ಮ ಅಣ್ಣನ ಹಾಗೆ ತಿಂಗಳುಗಳು ಕಳೆದ ಮೇಲೆಯೇ. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಕಾಯುವುದನ್ನು ನಿಲ್ಲಿಸಿ, ಈ ವಾರವೇ ಅವರನ್ನು ತಪಾಸಣೆಗೆ ಕರೆದುಕೊಂಡು ಹೋಗಿ. ಬೇಗ ಆರಂಭಿಸಿದ್ದರೆ ಒಳ್ಳೆಯದಿತ್ತು, ಅದು ನಿಜ. ಆದರೆ ಮೊದಲ ವಾರದ ರೋಗಿಗೆ ಕೊಡುವ ಚಿಕಿತ್ಸೆಯನ್ನೇ ಮೂರು ತಿಂಗಳ ನಂತರ ಕೊಟ್ಟರೆ ಸಾಲದು. ಈಗ ಯಾವ ಲಕ್ಷಣ ಎಲ್ಲಿಂದ ಹುಟ್ಟುತ್ತಿದೆ ಎಂಬುದನ್ನು ಬೇರ್ಪಡಿಸಿ ನೋಡಿಯೇ ಮುಂದುವರಿಯಬೇಕು.

ಪೂರ್ಣ ವಿಶ್ರಾಂತಿಯ ಸಲಹೆಗೆ ಒಂದು ಕಾಲದಲ್ಲಿ ಕಾರಣವಿತ್ತು. ಪೆಟ್ಟು ಬಿದ್ದ ಕೂಡಲೇ ಮೆದುಳಿನ ನರಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಹರಿದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಈ ಏರುಪೇರನ್ನು ಸರಿಪಡಿಸಲು ಕೋಶಗಳಿಗೆ ಹೆಚ್ಚು ಶಕ್ತಿ ಬೇಕಾಗುತ್ತದೆ, ಆದರೆ ಅದೇ ಹೊತ್ತಿಗೆ ರಕ್ತದ ಹರಿವು ಕಡಿಮೆಯಾಗಿರುತ್ತದೆ. ಇದು ರಚನೆಯ ಹಾನಿಗಿಂತ ಕಾರ್ಯದ ಏರುಪೇರಾದ್ದರಿಂದ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ಶಕ್ತಿ ಸಾಲದಿದ್ದಾಗ ಖರ್ಚು ಮಾಡಬೇಡಿ ಎಂಬ ತರ್ಕ ಮೊದಲ ಒಂದೆರಡು ದಿನಕ್ಕೆ ಸರಿಯೇ. ಅದನ್ನು ವಾರಗಳಿಗೆ ಎಳೆದಾಗ ಏನಾಗುತ್ತದೆ ಎಂಬುದನ್ನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 11ರಿಂದ 22 ವರ್ಷದವರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ನೇರವಾಗಿ ಪರೀಕ್ಷಿಸಿತು: ಐದು ದಿನ ಕಟ್ಟುನಿಟ್ಟಾಗಿ ಮಲಗಿದವರು, ಒಂದೆರಡು ದಿನ ವಿಶ್ರಾಂತಿ ಪಡೆದು ಹಂತಹಂತವಾಗಿ ಎದ್ದವರಿಗಿಂತ ಹೆಚ್ಚು ಲಕ್ಷಣಗಳನ್ನು ಹೇಳಿಕೊಂಡರು, ಮತ್ತು ಆ ಲಕ್ಷಣಗಳು ಕಡಿಮೆಯಾಗಲು ಹೆಚ್ಚು ದಿನ ಹಿಡಿಯಿತು.

ನಂತರ ಬಫಲೋ ವಿಶ್ವವಿದ್ಯಾಲಯದ ಜಾನ್ ಲೆಡ್ಡಿ ಮತ್ತು ಅವರ ಸಂಗಡಿಗರು ಒಂದು ಹೆಜ್ಜೆ ಮುಂದೆ ಹೋದರು. ಪೆಟ್ಟಾದ ಹತ್ತು ದಿನಗಳೊಳಗಿನ 103 ಹದಿಹರೆಯದ ಕ್ರೀಡಾಪಟುಗಳಲ್ಲಿ ಒಂದು ಗುಂಪಿಗೆ ಲಕ್ಷಣ ಕೆರಳದಷ್ಟು ಹದದಲ್ಲಿ ದಿನಕ್ಕೆ ಸುಮಾರು 20 ನಿಮಿಷದ ಏರೋಬಿಕ್ ವ್ಯಾಯಾಮ, ಅಂದರೆ ನಾಡಿಬಡಿತ ಏರಿಸುವ ನಡಿಗೆಯಂಥ ವ್ಯಾಯಾಮ ಕೊಟ್ಟರು, ಇನ್ನೊಂದು ಗುಂಪಿಗೆ ಸ್ನಾಯು ಎಳೆಯುವ ಹಗುರ ವ್ಯಾಯಾಮವಷ್ಟೇ. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೊದಲ ಗುಂಪಿನ ಚೇತರಿಕೆಯ ಮಧ್ಯಾಂಕ (ಅರ್ಧದಷ್ಟು ಜನ ಚೇತರಿಸಿಕೊಳ್ಳಲು ಹಿಡಿದ ಕಾಲ) 13 ದಿನ, ಎರಡನೆಯದರದ್ದು 17 ದಿನ. 2021ರಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಪರೀಕ್ಷಿಸಿದಾಗ 14 ಮತ್ತು 19 ದಿನಗಳ ಅಂತರ ಸಿಕ್ಕಿತು, ಮತ್ತು ತಿಂಗಳಿಗೂ ಮೀರಿ ಲಕ್ಷಣ ಉಳಿಯುವವರ ಪ್ರಮಾಣವೂ ವ್ಯಾಯಾಮದ ಗುಂಪಿನಲ್ಲಿ ಕಡಿಮೆಯಿತ್ತು. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದ ಒಮ್ಮತದ ಹೇಳಿಕೆ ಇದೇ ದಾರಿಯಲ್ಲಿದೆ: ಮೊದಲ 24ರಿಂದ 48 ಗಂಟೆ ಮನೆಯ ಸಣ್ಣಪುಟ್ಟ ಓಡಾಟದೊಂದಿಗೆ ವಿಶ್ರಾಂತಿ, ಆ ಅವಧಿಯಲ್ಲಿ ಮೊಬೈಲ್ ಕಡಿಮೆ, ಆಮೇಲೆ ನಡಿಗೆ.

ಈ ಅಂಕಿಗಳನ್ನು ನೋಡಿ ನೀವು ಎದೆ ಒಡೆದುಕೊಳ್ಳಬೇಕಾಗಿಲ್ಲ. ಅವು ಹದಿಹರೆಯದ ಆಟಗಾರರದ್ದು, ಕುಟುಂಬ ಮತ್ತು ನೌಕರಿಯ ಹೊರೆಯಿರುವ ಶಿಕ್ಷಕರದ್ದಲ್ಲ, ಮತ್ತು ಅಂತರವಿರುವುದು ನಾಲ್ಕೈದು ದಿನಗಳದ್ದು. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು 2020ರಲ್ಲಿ ಪಿಟ್ಸ್‌ಬರ್ಗ್‌ನಿಂದ ಬಂದ ಇನ್ನೊಂದು ವರದಿ. ಮೊದಲ ವಾರದಲ್ಲಿ ಚಿಕಿತ್ಸಾಲಯಕ್ಕೆ ಬಂದವರು ಎರಡು ಮೂರನೆಯ ವಾರದಲ್ಲಿ ಬಂದವರಿಗಿಂತ ಬೇಗ ಗುಣಮುಖರಾದರು, ಆದರೆ ಚಿಕಿತ್ಸೆ ಆರಂಭವಾದ ದಿನದಿಂದ ಲೆಕ್ಕ ಹಾಕಿದರೆ ಎರಡೂ ಗುಂಪಿಗೆ ಹಿಡಿದ ಕಾಲ ಹೆಚ್ಚುಕಡಿಮೆ ಒಂದೇ ಆಗಿತ್ತು. ಅಂದರೆ ತಡವಾದಷ್ಟು ದಿನ ಅಸಲಿನಲ್ಲಿ ಹೋಯಿತು, ಅದರ ಮೇಲೆ ಬಡ್ಡಿ ಬೆಳೆಯಲಿಲ್ಲ. ಮೂರು ತಿಂಗಳಾದಾಗ ಸ್ವಲ್ಪ ಬಡ್ಡಿಯೂ ಸೇರುತ್ತದೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ: ಮಲಗಿ ಮಲಗಿ ದೇಹದ ಕಸುವು ಇಳಿದಿರುತ್ತದೆ, ನಿದ್ದೆ ಕೆಟ್ಟಿರುತ್ತದೆ, ಅಲುಗಿದರೆ ಏನೋ ಆಗಿಬಿಡುತ್ತದೆ ಎಂಬ ಅಂಜಿಕೆ ಬೇರೂರಿರುತ್ತದೆ. ಇವು ಯಾವುವೂ ಕಾಯುವುದರಿಂದ ಕಡಿಮೆಯಾಗುವಂಥವಲ್ಲ.

ಮೊದಲು ಅಪಾಯದ ವಿಷಯ. ತಲೆನೋವು ದಿನೇದಿನೇ ಏರುತ್ತಿದ್ದರೆ, ಮತ್ತೆ ಮತ್ತೆ ವಾಂತಿಯಾಗುತ್ತಿದ್ದರೆ, ಮಂಪರು, ಫಿಟ್ಸ್, ಕೈಕಾಲಿನ ಬಲಹೀನತೆ, ಮಾತಿನ ತೊದಲು ಕಂಡರೆ ಅದು ಫಿಸಿಯೋಥೆರಪಿಯ ವಿಷಯವೇ ಅಲ್ಲ. ತಕ್ಷಣ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಬೇಕು. ಮೆದುಳಿನ ಹೊದಿಕೆಯಡಿ ರಕ್ತ ನಿಧಾನವಾಗಿ ಸೇರಿ ವಾರಗಳ ನಂತರ ತೊಂದರೆ ಕೊಡುವುದುಂಟು, ವಯಸ್ಸಾದವರಲ್ಲಿ ಮತ್ತು ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ನೀವು ಬರೆದಿರುವುದರಲ್ಲಿ ಇಂಥದ್ದೇನೂ ಇಲ್ಲ.

ಈಗ ಚಕ್ಕರ್‌ಗೆ ಬರುತ್ತೇನೆ, ಏಕೆಂದರೆ ತಡವಾಗಿ ಬಂದವರಲ್ಲಿ ಬೇಗ ಫಲ ಕಾಣುವುದು ಹೆಚ್ಚಾಗಿ ಇಲ್ಲಿಯೇ. ನಮ್ಮ ಕಡೆಯವರು "ಚಕ್ಕರ್ ಬರ್ತದ್ರಿ" ಎಂದಾಗ ನಾನು ಮುಂದಿನ ಪ್ರಶ್ನೆ ಕೇಳದೆ ಏನನ್ನೂ ಬರೆದುಕೊಳ್ಳುವುದಿಲ್ಲ: ಮನೆಯೇ ಗಿರ್ರನೆ ತಿರುಗಿದಂತೆಯೋ, ನಡೆಯುವಾಗ ಕಾಲು ತಪ್ಪಿದಂತೆಯೋ, ಎದ್ದು ನಿಂತಾಗ ಕಣ್ಣು ಕತ್ತಲೆ ಕಟ್ಟಿದಂತೆಯೋ? ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಅಥವಾ ಮೇಲಿನ ಮಾಡಕ್ಕೆ ಕತ್ತೆತ್ತಿದಾಗ ಒಂದು ನಿಮಿಷದೊಳಗೆ ಮುಗಿಯುವ ಗಿರಕಿ ಬರುತ್ತಿದ್ದರೆ, ಪೆಟ್ಟಿನ ರಭಸಕ್ಕೆ ಒಳಕಿವಿಯ ಸುಣ್ಣದ ಹರಳುಗಳು ತಮ್ಮ ಜಾಗ ಬಿಟ್ಟು ಅರ್ಧವೃತ್ತಾಕಾರದ ನಾಳಕ್ಕೆ ಜಾರಿರುವ ಸಾಧ್ಯತೆ ಹೆಚ್ಚು. ಇದನ್ನು ಡಿಕ್ಸ್-ಹಾಲ್‌ಪೈಕ್ ಎಂಬ ಪರೀಕ್ಷೆಯಿಂದ ಮಂಚದ ಮೇಲೆಯೇ ಪತ್ತೆ ಮಾಡಬಹುದು. ನಂತರ ತಲೆಯನ್ನು ಕ್ರಮವಾಗಿ ತಿರುಗಿಸುವ ಎಪ್ಲಿ ವಿಧಾನದಿಂದ ಆ ಹರಳುಗಳನ್ನು ಹಿಂದಕ್ಕೆ ಕಳುಹಿಸಬಹುದು, ಅದಕ್ಕೆ ಯಂತ್ರ ಬೇಡ, ಹೆಚ್ಚು ಖರ್ಚೂ ಇಲ್ಲ. ಹಲವರಿಗೆ ಒಂದೆರಡು ಸಲಕ್ಕೇ ನಿಲ್ಲುತ್ತದೆ. ಪೆಟ್ಟಿನಿಂದ ಬಂದದ್ದಾದರೆ ಇನ್ನೂ ಕೆಲವು ಸಲ ಬೇಕಾಗಬಹುದು. ಇಂಥ ರೋಗಿ ತಿಂಗಳುಗಟ್ಟಲೆ ಗೋಡೆಗೆ ಒರಗಿ ಕೂತು ಮಾತ್ರೆ ನುಂಗುತ್ತಿರುವುದನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಪ್ರೊಕ್ಲೋರ್‌ಪೆರಾಜಿನ್, ಸಿನ್ನರಿಜಿನ್‌ನಂಥ ಚಕ್ಕರ್ ಮಾತ್ರೆಗಳು ಮೊದಲ ಕೆಲವು ದಿನಗಳ ವಾಕರಿಕೆಗೆ ಸರಿ, ಆದರೆ ದೀರ್ಘಕಾಲ ತೆಗೆದುಕೊಂಡರೆ ಮೆದುಳು ಸಮತೋಲನಕ್ಕೆ ಹೊಂದಿಕೊಳ್ಳುವುದನ್ನೇ ಅವು ನಿಧಾನಗೊಳಿಸುತ್ತವೆ. ನಿಮ್ಮ ಅಣ್ಣ ಇವನ್ನು ಇನ್ನೂ ತೆಗೆದುಕೊಳ್ಳುತ್ತಿದ್ದರೆ ನಿಲ್ಲಿಸುವ ಬಗ್ಗೆ ಬರೆದುಕೊಟ್ಟ ವೈದ್ಯರನ್ನೇ ಕೇಳಿ.

ತಲೆನೋವು ಕುತ್ತಿಗೆಯ ಬುಡದಲ್ಲಿ ಆರಂಭವಾಗಿ ಒಂದೇ ಕಡೆ ಏರುತ್ತಿದ್ದರೆ ಅದರ ಮೂಲ ತಲೆಯಲ್ಲಿರದೆ ಕುತ್ತಿಗೆಯ ಮೇಲ್ಭಾಗದ ಕೀಲುಗಳಲ್ಲಿರಬಹುದು. ಬೈಕಿನಿಂದ ಎಸೆಯಲ್ಪಟ್ಟವರ ಕುತ್ತಿಗೆಯೂ ಉಳುಕಿರಬಹುದು. ಕುತ್ತಿಗೆ ಮತ್ತು ಒಳಕಿವಿ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಡುವ ವಿಧಾನವನ್ನು ಕೆನಡಾದ ಕ್ಯಾಲ್ಗರಿಯಲ್ಲಿ ಲಕ್ಷಣಗಳು ಉಳಿದುಕೊಂಡಿದ್ದ ಯುವಜನರ ಮೇಲೆ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು: ಎಂಟು ವಾರಗಳೊಳಗೆ ಆಟಕ್ಕೆ ಮರಳಲು ವೈದ್ಯರ ಒಪ್ಪಿಗೆ ಪಡೆದವರು ಈ ಚಿಕಿತ್ಸೆಯ ಗುಂಪಿನ 15 ಜನರಲ್ಲಿ 11 ಮಂದಿ, ಉಳಿದ ಗುಂಪಿನ 14ರಲ್ಲಿ ಒಬ್ಬರೇ. ಅಧ್ಯಯನ ಚಿಕ್ಕದು, ಆದರೆ "ತಡವಾಯಿತು, ಇನ್ನೇನೂ ಆಗದು" ಎನ್ನುವವರಿಗೆ ನಾನು ತೋರಿಸುವುದು ಇದನ್ನೇ.

ಉತ್ತರಪತ್ರಿಕೆ ತಿದ್ದುವಾಗ ಸಾಲುಗಳು ಎರಡಾಗಿ ಕಂಡರೆ, ಹತ್ತು ನಿಮಿಷ ಓದಿದರೆ ಹಣೆ ನೋಯುತ್ತಿದ್ದರೆ, ಎರಡೂ ಕಣ್ಣುಗಳು ಹತ್ತಿರದ ವಸ್ತುವಿನ ಮೇಲೆ ಒಟ್ಟಿಗೆ ಕೂಡುತ್ತಿಲ್ಲವೆಂದು ಅರ್ಥವಾಗಬಹುದು, ಇದಕ್ಕೂ ವ್ಯಾಯಾಮವಿದೆ. ನೋವಿನ ಮಾತ್ರೆಯ ಲೆಕ್ಕವನ್ನೂ ನೋಡಿ: ಪ್ಯಾರಾಸಿಟಮಾಲ್‌ನಂಥ ಸರಳ ಮಾತ್ರೆಯನ್ನು ತಿಂಗಳಿಗೆ 15 ದಿನ, ಹಲವು ಔಷಧಗಳು ಕೂಡಿದ ಮಾತ್ರೆಯನ್ನು 10 ದಿನ ಅಥವಾ ಅದಕ್ಕಿಂತ ಹೆಚ್ಚು ತಿಂಗಳುಗಟ್ಟಲೆ ನುಂಗಿದರೆ ಆ ಮಾತ್ರೆಯೇ ತಲೆನೋವಿಗೆ ಕಾರಣವಾಗಬಹುದು. ನಿದ್ದೆಯಿಲ್ಲದಿರುವುದು, ಕಾರಣವಿಲ್ಲದ ಸಿಡುಕು, ನೌಕರಿಯ ಚಿಂತೆ ಇದ್ದರೆ ಅವಕ್ಕೂ ಚಿಕಿತ್ಸೆ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಇನ್ನು ವ್ಯಾಯಾಮದ ಹದ. ಟ್ರೆಡ್‌ಮಿಲ್ ಮೇಲೆ ಅಥವಾ ಬಯಲಿನಲ್ಲಿ ನಡಿಗೆಯ ವೇಗವನ್ನು ನಿಧಾನವಾಗಿ ಏರಿಸುತ್ತಾ ಲಕ್ಷಣ ಎಷ್ಟು ನಾಡಿಬಡಿತಕ್ಕೆ ಕೆರಳುತ್ತದೆ ಎಂಬುದನ್ನು ಫಿಸಿಯೋಥೆರಪಿಸ್ಟ್ ಎದುರಿನಲ್ಲೇ ಗುರುತಿಸಬೇಕು. ಅದು 130 ಎಂದಾದರೆ ಅದರ ಶೇಕಡಾ 80ರಿಂದ 90, ಅಂದರೆ 104ರಿಂದ 117ರ ನಡುವೆ ನಾಡಿ ಇರುವಂತೆ ದಿನಕ್ಕೆ 20 ನಿಮಿಷ ನಡೆಯಬೇಕು. ಒಂದೆರಡು ವಾರಕ್ಕೊಮ್ಮೆ ಮತ್ತೆ ಅಳೆದು ಮಿತಿಯನ್ನು ಏರಿಸಬೇಕು. ವ್ಯಾಯಾಮದಿಂದ ತಲೆನೋವು ಸ್ವಲ್ಪ ಏರಿದರೆ ಗಾಬರಿಯಾಗಬೇಡಿ: ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಎರಡು ಅಂಕ ಮೀರದೆ, ಒಂದು ಗಂಟೆಯೊಳಗೆ ಇಳಿದರೆ ಮುಂದುವರಿಸಬಹುದು. ಇಷ್ಟು ಏರಿದರೂ ಮೆದುಳಿಗೆ ಹಾನಿಯಾಗುವುದಿಲ್ಲ ಎಂಬುದನ್ನು ಮನೆಯ ಹಿರಿಯರೂ ಕೇಳಿಸಿಕೊಳ್ಳಲಿ, ಏಕೆಂದರೆ ಮಗ ಹಣೆ ಹಿಡಿದುಕೊಂಡ ಕೂಡಲೇ ಮತ್ತೆ ಮಲಗಿಸುವವರು ಅವರೇ. ನಿಮ್ಮ ಅಣ್ಣನಿಗೆ ಮೈಗ್ರೇನ್‌ಗೆಂದು ಪ್ರೊಪ್ರನೊಲಾಲ್ ಕೊಟ್ಟಿದ್ದರೆ ಅದನ್ನು ತಪ್ಪದೆ ಹೇಳಿ, ಆ ಮಾತ್ರೆ ನಾಡಿಬಡಿತವನ್ನೇ ಇಳಿಸುವುದರಿಂದ ಈ ಲೆಕ್ಕ ಹಾಗೆಯೇ ಅನ್ವಯಿಸುವುದಿಲ್ಲ.

ನಮ್ಮ ಭಾಗದ ಬಿಸಿಲನ್ನು ಆ ಅಧ್ಯಯನಗಳು ಕಂಡಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವಾಗ, ಒಬ್ಬ ರೋಗಿಯನ್ನು ಹತ್ತು ಗಂಟೆಗೆ ನಡೆಯಲು ಕಳುಹಿಸುವುದು ಸಲ್ಲದು. ಸೆಕೆಯಲ್ಲಿ ಅದೇ ವೇಗಕ್ಕೆ ನಾಡಿ ಹೆಚ್ಚು ಓಡುತ್ತದೆ, ನೀರು ಕಡಿಮೆಯಾದರೆ ತಲೆನೋವು ಬೇರೆ. ಸೂರ್ಯ ಏರುವ ಮೊದಲು, ನೀರು ಕುಡಿದು, ದೂರವನ್ನು ಲೆಕ್ಕಿಸದೆ ನಾಡಿಯನ್ನೇ ಎಣಿಸಿ ನಡೆಯಲಿ. ಮಣಿಕಟ್ಟಿನಲ್ಲಿ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಕು, ಸ್ಮಾರ್ಟ್ ವಾಚ್ ಬೇಕಾಗಿಲ್ಲ.

ಎಲ್ಲಿಗೆ ಹೋಗಬೇಕು ಎಂಬುದಕ್ಕೆ, ಮೊದಲಿಗೇ ಬೆಂಗಳೂರಿನ ನಿಮ್ಹಾನ್ಸ್‌ಗೆ ಓಡಬೇಕಾಗಿಲ್ಲ. ಯಾದಗಿರಿಯ ಯಿಮ್ಸ್ ಅಥವಾ ಕಲಬುರಗಿಯ ಜಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗಿ ಹರಳಿನ ಪರೀಕ್ಷೆ ಮಾಡಿಸಿ, ಕಣ್ಣಿನ ವಿಭಾಗದಲ್ಲಿ ತೋರಿಸಿ, ನಂತರ ತಲೆಸುತ್ತು ಮತ್ತು ಕುತ್ತಿಗೆಯ ಚಿಕಿತ್ಸೆ ಬಲ್ಲ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಹುಡುಕಿ. ಹೋಗುವ ಮೊದಲು "ಚಕ್ಕರ್‌ಗೆ ವ್ಯಾಯಾಮ ಮಾಡಿಸುತ್ತೀರಾ" ಎಂದು ಫೋನಿನಲ್ಲೇ ಕೇಳಿ; ಬರೀ ಶಾಖದ ಯಂತ್ರ ಇಟ್ಟು ಕಳುಹಿಸುವ ಕಡೆ ಹಣ ಹಾಕಬೇಡಿ. ಕಲಬುರಗಿಗೆ ಬರುವುದಾದರೆ ಬಸ್ಸಿಗಿಂತ ರೈಲು ಮೇಲು, ಕುಲುಕಾಟ ಕಡಿಮೆ. ಆರೆಂಟು ವಾರ ಸರಿಯಾಗಿ ಮಾಡಿದರೂ ಏನೂ ಬದಲಾಗದಿದ್ದರೆ ಆಗ ನಿಮ್ಹಾನ್ಸ್‌ನ ನರ ಪುನಶ್ಚೇತನ ವಿಭಾಗವನ್ನು ವಿಚಾರಿಸಬಹುದು.

ಶಾಲೆಗೆ ಮರಳಲು ಲಕ್ಷಣ ಸೊನ್ನೆಯಾಗುವವರೆಗೆ ಕಾಯುವುದು ಬೇಡ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಮೊದಲು ದಿನಕ್ಕೆ ಎರಡು ಅವಧಿ ಪಾಠ, ನಡುವೆ ಶಾಂತವಾದ ಕೋಣೆಯಲ್ಲಿ ಬಿಡುವು, ವಾರಕ್ಕೊಂದು ಅವಧಿ ಹೆಚ್ಚಳ ಎಂದು ಗೊತ್ತುಮಾಡಿಕೊಳ್ಳಲಿ. ಬೈಕ್ ಮಾತ್ರ ಎಲ್ಲಕ್ಕಿಂತ ಕೊನೆಗೆ: ತಲೆಯನ್ನು ಎರಡೂ ಕಡೆಗೆ ಸರಕ್ಕನೆ ಹೊರಳಿಸಿದಾಗ ಚಕ್ಕರ್ ಬಾರದೆ, ಕುತ್ತಿಗೆ ಪೂರ್ತಿ ತಿರುಗಿ, ನೋಡಿದ ವಸ್ತು ಮಸುಕಾಗದೆ ಇರುವುದನ್ನು ಪರೀಕ್ಷಿಸಿದವರು ಒಪ್ಪುವವರೆಗೆ ಅಣ್ಣನಿಗೆ ಕೀಲಿ ಕೊಡಬೇಡಿ.